ದಿಡ್ಡಿಹಾಳದ ತಲೆ ಎಣಿಕೆ

ಜನವರಿ ೫, ೨೦೨೫. ರವಿವಾರ

ನಿನ್ನೆ ವರ್ಗಾವಣೆ ಆದೇಶ ಕೈಗೆ ಬಂತು. ಫೆಬ್ರುವರಿ ಮೂರಕ್ಕೆ ಶಹಾಪುರದ ಕಾಲೇಜು ಬಿಟ್ಟು ಯಾದಗಿರಿಯ ಕಾಲೇಜಿನಲ್ಲಿ ಹಾಜರಾಗಬೇಕು. ಮೂವತ್ತು ವರ್ಷ ವರ್ಗದೊಳಗೆ ಕೂಗಾಡಿದವನಿಗೆ ಈಗ ವರ್ಗ. ಯಾರೂ ನೂಕಿದ್ದಲ್ಲ, ನಾನೇ ಅರ್ಜಿ ಹಾಕಿ ಬೇಡಿಕೊಂಡದ್ದು. ನಿವೃತ್ತಿಗೆ ಎರಡು ವರ್ಷ ಇಟ್ಟುಕೊಂಡು ವರ್ಗ ಕೇಳುವ ಕನ್ನಡ ಮಾಸ್ತರನನ್ನು ಕಂಡು ಇಲಾಖೆಯವರಿಗೇ ಸಂಶಯ ಬಂದಿರಬೇಕು.

ಕಾರಣವನ್ನು ಇಲ್ಲಿ ಬರೆಯಬಹುದು. ಈ ವಹಿಯನ್ನು ನನ್ನ ಹೊರತು ಯಾರೂ ಓದುವುದಿಲ್ಲ. ಹೆಂಡತಿ ಸೌಭಾಗ್ಯ ಸೆಪ್ಟೆಂಬರಿನಲ್ಲಿ ಹೋದಳು. ನಾನು ಇರುವುದು ಅವಳ ತಾಯಿಯ ಮನೆಯಲ್ಲಿ, ಅವಳ ತಾಯಿಯ ಊರಲ್ಲಿ. ಮದುವೆಯಾದ ವರ್ಷ, ದಿಡ್ಡಿಹಾಳದಿಂದ ಶಹಾಪುರಕ್ಕೆ ಬಸ್ಸು ಸಲೀಸು, ಬೇರೆ ಮನೆ ಸಿಗುವವರೆಗೆ ಇಲ್ಲಿರೋಣ ಎಂದು ಬಂದವರು ಮನೆ ಹುಡುಕಲೇ ಇಲ್ಲ. ಮಕ್ಕಳಾಗಲಿಲ್ಲ. ಈಗ ಉಳಿದವರು ಎಪ್ಪತ್ತೆಂಟರ ಅತ್ತೆ ಕಲ್ಯಾಣಮ್ಮ, ಐವತ್ತೆಂಟರ ನಾನು. ಅಳಿಯ ಎಂಬ ಶಬ್ದಕ್ಕೆ ಆಧಾರ ಮಗಳು. ಮಗಳೇ ಅಳಿದ ಮೇಲೆ ಅಳಿಯ ಉಳಿಯುವುದು ಯಾವ ನ್ಯಾಯ?

ಅತ್ತೆಗೆ ಇನ್ನೂ ಹೇಳಿಲ್ಲ. ಹೇಳಿದರೆ ಅಳುತ್ತಾರೆಂಬ ಭಯವಲ್ಲ. ಅತ್ತೆ ಅತ್ತದ್ದನ್ನು ನಾನು ಕಂಡೇ ಇಲ್ಲ. ಮಗಳನ್ನು ಮಣ್ಣು ಮಾಡಿದ ದಿನವೂ ಬಂದವರಿಗೆ ಚಹಾ ಆಯಿತೋ ಇಲ್ಲವೋ ಎಂದು ವಿಚಾರಿಸುತ್ತ ತಿರುಗಿದರು. ನನ್ನ ಭಯ ಬೇರೆ. "ಛಲೋ ಆತು" ಅಂದುಬಿಟ್ಟರೆ?

ಜನವರಿ ೮. ಬುಧವಾರ

ಸಂಜೆ ಅಮರಪ್ಪ ಬಂದಿದ್ದ. ಅತ್ತೆಯ ಮೈದುನನ ಮಗ, ಈಗ ದಿಡ್ಡಿಹಾಳ ಪುರಸಭೆಯ ಅಧ್ಯಕ್ಷ. ಆ ಕಚೇರಿಯ ನೆರಳಲ್ಲಿ ಎಷ್ಟು ಜನ ಎಷ್ಟು ಹೊತ್ತು ಕೂತಿರುತ್ತಾರೆಂಬುದನ್ನು ನೋಡಿದವರು ಅದನ್ನು ಪುರಸಭೆ ಅನ್ನುವುದಿಲ್ಲ, ಪುರುಸೊತ್ತಿನ ಸಭೆ ಅನ್ನುತ್ತಾರೆ. ಅನ್ನುತ್ತಾರೆ ಎಂದರೆ ನಾನು ಅನ್ನುತ್ತೇನೆ.

"ಮಾಸ್ತರ, ಪುರಸಭಿ ಆಗಿ ಮೂವತ್ತ ವರ್ಷ ಆತು. ಒಂದು ಪುಸ್ತಕ ತರೋಣು ಅಂತ ಠರಾವ್ ಆಗ್ಯಾದ. ಊರಿನ ಚರಿತ್ರಿ ನೀವು ಬರೀಬೇಕ್ರಿ."

"ಈ ಊರಿಗಿ ಚರಂಡಿನೇ ಇಲ್ಲೋ ಅಮರಪ್ಪಾ, ಚರಿತ್ರಿ ಎಲ್ಲಿಂದ ತರಲಿ?"

"ಚರಂಡಿಗಿ ಟೆಂಡರ್ ಕರದೀವ್ರಿ. ಚರಿತ್ರಿಗಿ ಟೆಂಡರ್ ಯಾಕ, ನೀವು ಮನ್ಯಾಗೇ ಅದೀರಿ."

ಒಪ್ಪಿಕೊಂಡೆ. ತಿಂಗಳ ಕೊನೆಯವರೆಗೆ ಸಂಜೆಗಳನ್ನು ಹೇಗಾದರೂ ಕೊಲ್ಲಬೇಕು. ಹೊಸ್ತಿಲು ದಾಟುವಾಗ ಅಮರಪ್ಪ ದನಿ ಇಳಿಸಿದ. "ನಿಮ್ಮ ಮುಂದಿಂದ ಹ್ಯಾಂಗ್ರಿ? ಅಲ್ಲ, ಮಂದಿ ಕೇಳತಾರ. ಅಕ್ಕ ಹೋದ ಮ್ಯಾಲೂ ಮಾಸ್ತರ ಇಲ್ಲೇ ಅದಾರ, ಮನಿ ಮ್ಯಾಲ ಕಣ್ಣದನೋ ಏನೋ ಅಂತ. ನಾ ಅಲ್ರಿ ಮತ್ತ. ಮಂದಿ."

ಈ ಮಂದಿ ಎಂಬವರು ಯಾವ ವಾರ್ಡಿನಲ್ಲಿದ್ದಾರೋ ತಿಳಿಯದು. ಮತದಾರರ ಪಟ್ಟಿಯಲ್ಲಿ ಅವರ ಹೆಸರಿಲ್ಲ, ಆದರೆ ಊರು ಆಳುವವರು ಅವರೇ. ವರ್ಗ ಕೇಳಿದ್ದು ಸರಿಯಾಯಿತು.

ಜನವರಿ ೧೪. ಸಂಕ್ರಾಂತಿ

ಈ ವರ್ಷ ಮನೆಯಲ್ಲಿ ಹಬ್ಬವಿಲ್ಲ. ಆದರೂ ಅತ್ತೆ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚಿದ್ದರು. ಒಲೆಯ ಮುಂದೆ ಕೂತಿದ್ದ ಅವರ ಬೆನ್ನು ನನ್ನ ಕಡೆಗಿತ್ತು. ಬೆನ್ನಿಗೆ ಹೇಳುವುದು ಸುಲಭ ಅನ್ನಿಸಿತು.

"ಅತ್ತಿ, ನನಗ ಯಾದಗಿರಿಗಿ ವರ್ಗ ಆಗ್ಯಾದ."

ರೊಟ್ಟಿ ಬಡಿಯುವ ಸದ್ದು ನಿಲ್ಲಲಿಲ್ಲ. "ಯಾವತ್ತ?"

"ಫೆಬ್ರುವರಿ ಮೂರಕ್ಕ."

"ಅಲ್ಲೇ ಇರವ್ರೇನು?"

"ಹೌದ್ರಿ. ಸ್ಟೇಷನ್ ಹತ್ರ ಒಂದು ಖೋಲಿ ನೋಡಾಕ ಹೇಳೀನಿ."

"ಸಾಮಾನ ಒಯ್ಯಾಕ ಗಾಡಿ?"

"ಎರಡನೇ ತಾರೀಖ ರವಿವಾರ ಟೆಂಪೋ ಹೇಳಿ ಬಂದೀನಿ."

ಬಿಸಿ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದರು. "ಬೆಣ್ಣಿ ಹಚ್ಕೊರಿ, ಆರತದ."

ಅಷ್ಟೇ. ಮೂವತ್ತು ವರ್ಷ ಮೂರು ಪ್ರಶ್ನೆಯಲ್ಲಿ ಖಲಾಸ್. ನಮ್ಮ ಕಿರುಪರೀಕ್ಷೆಯಲ್ಲೂ ಐದು ಪ್ರಶ್ನೆ ಇರುತ್ತವೆ, ಅದರಲ್ಲಿ ಎರಡು ಬಿಡಬಹುದು.

ಜನವರಿ ೧೭. ಶುಕ್ರವಾರ

ಅತ್ತೆ ಕಟಕ ರೊಟ್ಟಿ ಮಾಡಲು ಶುರುಮಾಡಿದ್ದಾರೆ. ತಿಂಗಳುಗಟ್ಟಲೆ ಕೆಡದ, ಹಪ್ಪಳದಂತೆ ಒಣಗಿದ ಜೋಳದ ರೊಟ್ಟಿ. ದೂರ ಹೋಗುವವರಿಗೆ ಕಟ್ಟಿಕೊಡುವಂಥದು. ಮುಂಜಾನೆ ಒಂದು ಸುತ್ತು, ಮಧ್ಯಾಹ್ನ ಒಂದು ಸುತ್ತು. ಒಂದು ಬುಟ್ಟಿ ತುಂಬಿತು, ಎರಡನೆಯದು ಅರ್ಧವಾಗಿದೆ. ಶೇಂಗಾ ಹಿಂಡಿ, ಅದೇ ಚಟ್ನಿಪುಡಿಯ ಡಬ್ಬಿ ಬೇರೆ.

ಯಾದಗಿರಿ ಎಷ್ಟು ದೂರವೆಂದು ತಿಳಿದಿದ್ದಾರೋ! ಈ ವೇಗ ನೋಡಿದರೆ ನನ್ನನ್ನು ಕಾಶಿಗೆ ಕಳಿಸುವ ತಯಾರಿ. ಇಷ್ಟು ಅವಸರವಿತ್ತೆಂದರೆ ಮೊದಲೇ ಒಂದು ಮಾತು ಹೇಳಬಹುದಿತ್ತು. ಅವರ ತಪ್ಪೇನೂ ಅಲ್ಲ. ನನ್ನ ಮುಖ ಕಂಡಾಗಲೆಲ್ಲ ಮಗಳು ಕಾಣುತ್ತಿರಬೇಕು.

ಜನವರಿ ೧೯. ರವಿವಾರ

ಚರಿತ್ರೆಯ ಮೊದಲ ಆಕರ ಸಿಕ್ಕಿತು. ಹೆಸರು ತಾಯಪ್ಪ, ವಯಸ್ಸು ಎಂಬತ್ತರ ಮೇಲೆ. ಪಂಚಾಯಿತಿ ಕಾಲದ ಗುಮಾಸ್ತ. ನಿವೃತ್ತನಾದ ವಿಷಯ ಅವನಿಗೆ ಇನ್ನೂ ಯಾರೂ ಹೇಳಿದಂತಿಲ್ಲ, ಈಗಲೂ ದಿನಾ ಹತ್ತಕ್ಕೆ ಬಂದು ಪುರಸಭೆಯ ಪಡಸಾಲೆಯಲ್ಲಿ ಕೂರುತ್ತಾನೆ.

"ಈ ಊರ ಹುಟ್ಟಿದ್ದ ಬಾಗಲಾ ಮುಚ್ಚಿದ್ದಕ್ಕರಿ ಮಾಸ್ತರ" ಅಂದ.

ಬಾಗಿಲು ಸುರಪುರದ್ದು. ಗುಡ್ಡದ ಮೇಲಿನ ಆ ರಾಜಧಾನಿಯಲ್ಲಿ ಹೊತ್ತು ಮುಳುಗಿದೊಡನೆ ಅಗಸೆ ಬಾಗಿಲು ಮುಚ್ಚುತ್ತಿದ್ದರಂತೆ. ದಿಡ್ಡಿ ಎಂಬ ಒಂದು ಸಣ್ಣ ಬಾಗಿಲು ಮಾತ್ರ ತೆರೆದಿರುತ್ತಿತ್ತು, ಅದೂ ಅರಸರ ಕಡೆಯವರಿಗೆ. ತಡವಾಗಿ ಬಂದ ಹತ್ತಿ ಗಾಡಿಯವರು, ಫಿರ್ಯಾದು ಹೊತ್ತು ಬಂದವರು, ಕುದುರೆ ಮಾರುವವರು, ಎಲ್ಲರೂ ಎರಡು ಹರದಾರಿ ಹಿಂದೆ ಬಂದು ಇಲ್ಲಿನ ನಾಲ್ಕು ಮನೆಗಳಲ್ಲಿ ಒರಗುತ್ತಿದ್ದರು. ನಾಲ್ಕು ಮನೆ ನಲವತ್ತಾದವು. ದೊಡ್ಡ ಊರುಗಳು ಒಳಗೆ ಬಂದವರಿಂದ ಬೆಳೆಯುತ್ತವೆ. ಇದು ಅಲ್ಲಿ ಒಳಗೆ ಬಿಡದವರಿಂದ ಬೆಳೆದ ಊರು.

"ಅರಸರ ಪಹರೇದವರು ಬರತಿದ್ದರಂತರಿ, ನಿಮ್ಮಲ್ಲಿ ಹೊಸಬರು ಯಾರದಾರ ಅಂತ. ಹೊಸಬ ಅಂದ್ರ ಹಿಡಕೊಂಡು ಹೋಗಿ ಹತ್ತ ಸವಾಲ. ಅದಕ್ಕ ಊರಾನ ಹೆಣ್ಣಮಕ್ಕಳು, ಇಂವ ನಮ್ಮ ಮನ್ಯಾಂವರಿ ಅಂತಿದ್ರು. ಒಬ್ಬಾಕಿ ಅಂತೂ ಕೆಂಪು ಗಡ್ಡದ ಅರಬನ್ನ ತೋರಿಸಿ, ನನ್ನ ಖಾಸ ಅಣ್ಣ ಅಂದಿದ್ಲಂತ!"

"ನಂಬಿದ್ರೇನು?"

"ನಂಬಲಾರ್ದ ಏನ ಮಾಡ್ತಾರ್ರಿ? ಅರಬನ ಕೈಯಾಗ ಆಕಿ ಕೂಸಿತ್ತು."

ಅರಸರು ಹೋದರು, ನಿಜಾಮರ ಜವಾನರು ದಫ್ತರ ಹಿಡಿದು ಬಂದರು. ಅವರಿಗೂ ಅದೇ ಉತ್ತರ. ಹೀಗೆ ಇನ್ನೂರು ವರ್ಷದಲ್ಲಿ ಈ ಜನರಿಗೆ ಒಂದು ಅಭ್ಯಾಸ ಅಂಟಿಕೊಂಡಿದೆ: ಪಟ್ಟಿ ಹಿಡಿದು ಬಂದವನ ಮುಂದೆ ಮನೆಯಲ್ಲಿದ್ದವರನ್ನೆಲ್ಲ ನಮ್ಮವರು ಅಂದುಬಿಡುವುದು.

ಉಳಿದಂತೆ ಊರು ಅರ್ಧ ಪೇಟೆ, ಅರ್ಧ ಹೊಲ. ಬೀದಿದೀಪ ಬಂದಿವೆ, ಕಂಬಕ್ಕೆ ಎಮ್ಮೆ ಕಟ್ಟುತ್ತಾರೆ. ಏಳನೇ ವಾರ್ಡಿನ ಸದಸ್ಯ ಸಭೆಗೆ ಎತ್ತಿನ ಗಾಡಿಯಲ್ಲಿ ಬರುತ್ತಾನೆ, ಗಾಡಿಯಲ್ಲಿ ಕೂತೇ ಮೊಬೈಲಿನಲ್ಲಿ ಮೆಣಸಿನಕಾಯಿ ದರ ನೋಡುತ್ತಾನೆ. ಇದನ್ನೂ ಬರೆಯಬೇಕು.

ಮನೆಗೆ ಬಂದು ಅರಬನ ಕಥೆ ಹೇಳಿದೆ. ಅತ್ತೆ ನಗಲಿಲ್ಲ. "ಹೌದು, ಮತ್ತೇನ ಅನಬೇಕಾಗಿತ್ತು ಆಕಿ?" ಅಂದರು.

ಜನವರಿ ೨೨. ಬುಧವಾರ

ಯಾದಗಿರಿಗೆ ಹೋಗಿ ಖೋಲಿ ನೋಡಿ ಬಂದೆ. ಗೋಡೆ ಹೊಸ ಸುಣ್ಣ ಕಂಡಿದೆ. ರೈಲು ಹೋದಾಗಲೊಮ್ಮೆ ಮಂಚ ಅಲುಗುತ್ತದೆ. ಟಿಕೀಟಿಲ್ಲದೆ ದಿನಾ ಮುಂಬಯಿಗೂ ಚೆನ್ನೈಗೂ ಹೋಗಿಬರಬಹುದು. ಮಾಲೀಕರು ಸಭ್ಯರು. "ಎಷ್ಟು ಮಂದಿ ಇರ್ತೀರಿ ಸರ?" ಅಂದರು.

"ಒಬ್ಬನೇ."

"ಬೀಗರು, ಬಿಜ್ಜರು ಬರೂದಿದ್ರ ಮೊದಲ ತಿಳಿಸಬೇಕ್ರಿ."

ತಿಳಿಸುತ್ತೇನೆ ಅಂದೆ. ಯಾರು ಬರುತ್ತಾರೆ?

ಜನವರಿ ೨೫. ಶನಿವಾರ

ಇವತ್ತು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಪುರಸಭೆಯ ಕಪಾಟಿನಲ್ಲಿ ೧೯೯೪ರ ಮನೆಪಟ್ಟಿಯ ಕಟ್ಟುಗಳು ಸಿಕ್ಕವು. ಪಂಚಾಯಿತಿಯನ್ನು ಪುರಸಭೆ ಮಾಡಬೇಕಾದರೆ ಇಷ್ಟು ತಲೆ ಇರಬೇಕೆಂದು ಸರಕಾರ ಕೇಳಿತ್ತು. ಊರವರೇ ಮನೆಮನೆಗೆ ಹೋಗಿ ಎಣಿಸಿದರು. ಎಣಿಸಿದ್ದು ಮೇ ತಿಂಗಳಲ್ಲಿ, ಮದುವೆಗಳ ಸುಗ್ಗಿಯಲ್ಲಿ. ಊರ ತುಂಬ ಬೀಗರು. ಪಟ್ಟಿ ಹಿಡಿದು ಹೋದರೆ ದಿಡ್ಡಿಹಾಳದವರು ಏನು ಹೇಳುತ್ತಾರೆ? ಎಲ್ಲಾ ನಮ್ಮ ಮನ್ಯಾಗಿನವರೇ!

ಅಗಸೆ ಓಣಿಯ ಒಂದು ಮನೆಯಲ್ಲಿ ಒಬ್ಬ ತಾಯಿಗೆ ಹದಿನಾಲ್ಕು ಗಂಡುಮಕ್ಕಳು. ಎಲ್ಲರ ವಯಸ್ಸೂ ಇಪ್ಪತ್ತೈದರ ಆಸುಪಾಸು. ಹದಿನಾಲ್ವರದೂ ಒಂದೇ ಕಸುಬು: ಬ್ಯಾಂಡು. ಪಕ್ಕದ ಖಾಸಿಂಬೀಯ ಮನೆಯಲ್ಲಿ 'ತಮ್ಮ' ಎಂದು ನಮೂದಾದವನ ಹೆಸರು ಸಂಗಮನಾಥ. ಸ್ವಾಮಿಗಳೊಬ್ಬರು ಮೂರು ಮನೆಗಳಲ್ಲಿದ್ದಾರೆ, ಪಾದಪೂಜೆ ಮೂರು ಕಡೆ ಇತ್ತಂತೆ.

ಅಂದರೆ ಈ ಪುರಸಭೆ ನಿಂತಿರುವುದೇ ಬೀಗರ ತಲೆಗಳ ಮೇಲೆ. ಓಡಿಹೋಗಿ ಅಮರಪ್ಪನಿಗೆ ತೋರಿಸಿದೆ. ಅವನ ಬಣ್ಣ ಇಳಿಯಿತು.

"ಮಾಸ್ತರ, ಇದನ್ನ ಬರೀಬ್ಯಾಡ್ರಿ! ಚರಿತ್ರಿ ಬರೀರಿ ಅಂದ್ರ ಕಬೂಲಿ ಜವಾಬು ಬರೀತೀರಿ!"

ತಾಯಪ್ಪನನ್ನು ಹಿಡಿದು, "ಏನಜ್ಜಾ, ಖೊಟ್ಟಿ ಎಣಿಕಿ ಮಾಡೀರಿ" ಅಂದರೆ ಅವನಿಗೆ ಸಿಟ್ಟು ಬಂತು.

"ಖೊಟ್ಟಿ ಯಾಕ ಆಗ್ತದ್ರಿ? ಅವತ್ತ ಅವರು ಅಲ್ಲೇ ಇದ್ರಲ್ಲ. ನಾ ಕಣ್ಣಿಲೆ ನೋಡಿ ಬರದೀನಿ."

ಮನೆಗೆ ಬಂದು ಸೌಭಾಗ್ಯಳಿಗೆ ಹೇಳಬೇಕೆಂದು ಚಪ್ಪಲಿ ಬಿಡುವ ಮೊದಲೇ ಬಾಯಿ ತೆರೆದಿದ್ದೆ.

ಜನವರಿ ೨೬. ರವಿವಾರ

ಬರೆಯುವಂಥದೇನೂ ಇಲ್ಲ. ರೊಟ್ಟಿ ಮೂರು ಬುಟ್ಟಿ ಆಗಿವೆ.

ಜನವರಿ ೨೯. ಬುಧವಾರ

ಪಟ್ಟಿಯ ಕೊನೆಯ ಕಟ್ಟು ಬಾವಿ ಓಣಿಯದು. ಇವತ್ತು ಬಿಚ್ಚಿದೆ. ಅದು ನಾವಿರುವ ಓಣಿ.

ಮನೆ ನಂಬರ್ ೨೧೪. ಯಜಮಾನಿ ಕಲ್ಯಾಣಮ್ಮ. ಮಗಳು ಸೌಭಾಗ್ಯ, ವಯಸ್ಸು ೨೨. ಮೂರನೆಯ ಸಾಲು ನನ್ನದು: ಭೀಮಾಶಂಕರ, ೨೭, ಹುಟ್ಟಿದ ಊರು ಬಳಿಚಕ್ರ. ಸಂಬಂಧದ ಖಾನೆಯಲ್ಲಿ 'ಮನೆಯವ'. ನಾಲ್ಕನೆಯ ಸಾಲಿನಲ್ಲಿ ನನ್ನ ಅಪ್ಪ. ಅವನೂ ಮನೆಯವನೇ.

ತಾರೀಖು ನೋಡಿದೆ. ಮೇ ಹನ್ನೊಂದು. ಹತ್ತನೇ ತಾರೀಖು ಅಪ್ಪನೂ ನಾನೂ ಹೆಣ್ಣು ನೋಡಲು ಬಂದು, ಕೊನೆಯ ಬಸ್ಸು ತಪ್ಪಿಸಿಕೊಂಡು, ಇಲ್ಲಿಯೇ ಮಲಗಿದ್ದೆವು. ಬೆಳಿಗ್ಗೆ ಉಪ್ಪಿಟ್ಟು ತಿನ್ನುವಾಗ ಯಾರೋ ವಹಿ ಹಿಡಿದು ಬಂದದ್ದು ನೆನಪಿದೆ. ನಾಚಿಕೆಯಿಂದ ನಾನು ತಾಟು ಬಿಟ್ಟು ಕಣ್ಣೆತ್ತಿರಲಿಲ್ಲ.

ತಾಯಪ್ಪನಿಗೆ ಹಾಳೆ ತೋರಿಸಿದೆ. ಅವನು ಅಕ್ಷರವನ್ನಲ್ಲ, ನನ್ನ ಮುಖವನ್ನು ನೋಡಿದ.

"ನಾನೇ ಬರದದ್ದರಿ. ಕಲ್ಯಾಣವ್ವಗ ಕೇಳಿದೆ, ಅವ್ವಾ, ಇವರು ಹೆಣ್ಣ ನೋಡಾಕ ಬಂದವರು. ನಾಳಿಗಿ ಹುಡುಗಿ ಒಲ್ಲೆ ಅಂದ್ರ ಇವರ ಹಾದಿ ಇವರಿಗಿ. ಮನಿ ಪಟ್ಟ್ಯಾಗ ಹ್ಯಾಂಗ ಬರೀಲಿ? ಅಂತ."

"ಏನಂದ್ರು?"

"ಹುಡುಗಿ ಒಲ್ಲೆ ಅಂದ್ರ ಹುಡುಗಿಗಿ ಗಂಡ ಅಲ್ಲ, ಅಷ್ಟ. ಈ ಮನ್ಯಾಗ ಉಂಡಾನ, ಮಲಗ್ಯಾನ. ನೀ ಬರಿ ಅಂದ್ಲರಿ."

ಸೌಭಾಗ್ಯ ಹೂಂ ಅಂದದ್ದು ಆ ದಿನ ಮಧ್ಯಾಹ್ನ. ಪಟ್ಟಿಯವರು ಬಂದದ್ದು ಬೆಳಿಗ್ಗೆ. ಅಂದರೆ ನಾನು ಅವಳಿಗೆ ಏನಾದರೂ ಆಗುವುದಕ್ಕಿಂತ ನಾಲ್ಕು ತಾಸು ಮೊದಲೇ

ಮುಂದೆ ಬರೆಯಲಾಗುತ್ತಿಲ್ಲ. ಕನ್ನಕ ಸರಿಯಿಲ್ಲ, ಒರೆಸಬೇಕು. ಕನ್ನಡಕ.

ಜನವರಿ ೩೦. ಗುರುವಾರ

ಹಾಳೆಯ ಝೆರಾಕ್ಸ್ ತೆಗೆಸಿ ಕಿಸೆಯಲ್ಲಿಟ್ಟುಕೊಂಡು ಮಧ್ಯಾಹ್ನವೇ ಮನೆಗೆ ಬಂದೆ. ಅತ್ತೆ ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತಿದ್ದರು. ಮೊರದ ಪಕ್ಕ ಹಾಳೆ ಇಟ್ಟೆ.

"ಅತ್ತಿ, ಇದರಾಗ ನನ್ನ ಹೆಸರದ."

"ಇರಲಾರ್ದ ಏನು?"

"ನಾ ಯಾದಗಿರಿಗಿ ಹೋದ್ರ ಇದನ್ನ ಹೊಡದು ಹಾಕಬೇಕಾಗ್ತದ."

ಮೊರ ಕೆಳಗಿಟ್ಟರು. "ಬರಸಿದಾಕಿ ನಾ ಅದೀನಿ. ಹೊಡಸೂದಿದ್ರ ನನಗ ಕೇಳಬೇಕಿತ್ತು. ನೀವು ಕೇಳಲಿಲ್ಲ. ಗಾಡಿ ಹೇಳಿ ಬಂದು, ಹೊಂಟೀನಿ ಅಂದ್ರಿ."

"ನೀವೂ ನಿಲ್ಲು ಅನಲಿಲ್ಲಲ್ರಿ."

"ಯಾವ ಬಾಯಿಲೆ ಅನಲಿ? ಮಗಳಿದ್ದಾಗ ಅಂತಿದ್ದೆ. ಈಗ ಅಂದ್ರ, ಮುದುಕಿ ತನ್ನ ಚಾಕರಿಗಿ ಮಾಸ್ತರನ ಹಿಡಕೊಂಡು ಕುಂತಾಳ ಅಂತಾರ ಮಂದಿ."

ಆ ಮಂದಿ ಇವರಿಗೂ ಸಿಕ್ಕಿದ್ದಾರೆ!

"ನನಗೂ ಹೇಳ್ಯಾರ್ರಿ. ನಾ ಮನಿ ಮ್ಯಾಲ ಕಣ್ಣಿಟ್ಟು ಕುಂತೀನಂತ."

"ಈ ಮನಿ ಮ್ಯಾಲಾ?" ಅತ್ತೆ ಮಾಳಿಗೆಯ ಕಡೆ ನೋಡಿದರು. "ಮಳಿಗಾಲದಾಗ ಒಮ್ಮಿ ಬಂದು ನೋಡ್ಯಾರೇನು ಅವರು? ಹನ್ನೆರಡ ಕಡೆ ಸೋರತದ, ಬೋಗಾಣಿ ಇಡಬೇಕು!"

ನಾನು ನಕ್ಕೆ. ಅವರೂ ನಕ್ಕರು. ಸೆಪ್ಟೆಂಬರಿನಿಂದ ಈಚೆಗೆ ಮೊದಲ ಸಲ. ನಗುತ್ತ ನಗುತ್ತ ಸೆರಗು ಬಾಯಿಗೆ ಒತ್ತಿಕೊಂಡರು, ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ನಾನು ತೊಗರಿಯ ಮೊರ ತೆಗೆದುಕೊಂಡು ಕಲ್ಲು ಆರಿಸುತ್ತ ಕೂತೆ. ಎಷ್ಟು ಹೊತ್ತೋ. ಬಹಳಷ್ಟು ತೊಗರಿಯನ್ನೂ ಕಲ್ಲಿನ ಜೊತೆ ಎಸೆದಿದ್ದೇನೆಂದು ಆಮೇಲೆ ಬೈಸಿಕೊಂಡೆ.

"ಮತ್ತ ಆ ಮೂರ ಬುಟ್ಟಿ ರೊಟ್ಟಿ ಯಾಕ ಬಡದ್ರಿ? ನನ್ನ ಜಲ್ದಿ ಕಳಸಾಕತ್ತೀರಿ ಅನಕೊಂಡ್ನಿ."

"ಅಲ್ಲಿ ಏನ ತಿಂತೀರಿ ನೀವು? ಚಹಾಕ್ಕ ನೀರಿಡಾಕ ಬರಂಗಿಲ್ಲ." ಮೂಗು ಒರೆಸಿಕೊಂಡರು. "ದಿನಾ ಇಲ್ಲಿಂದ ಹೋಗಿ ಬರಾಕ ಆಗಂಗಿಲ್ಲೇನು?"

"ಒಂದು ಸರ್ತಿಗಿ ಎರಡ ತಾಸ ಬೇಕ್ರಿ."

"ಮೂವತ್ತ ವರ್ಷದಾಗ ನಿಮಗ ಒಂದು ಮನಿ ಹುಡುಕಾಕ ಆಗಲಿಲ್ಲ. ಒಂದು ಬಸ್ಸರ ಹುಡುಕ್ರಿ."

ಫೆಬ್ರುವರಿ ೧. ಶನಿವಾರ

ಟೆಂಪೋದವನಿಗೂ ಖೋಲಿಯ ಮಾಲೀಕರಿಗೂ ಬೇಡವೆಂದು ಹೇಳಿದೆ. ಮೂರು ಬುಟ್ಟಿ ರೊಟ್ಟಿ ಈಗ ನಾವಿಬ್ಬರೇ ತೀರಿಸಬೇಕು. ಮನೆಯಲ್ಲಿ ಊಟದ ಹೊತ್ತಿಗೆ ಕಟಕಟ ಸದ್ದು, ಓಣಿಗೆಲ್ಲ ಕೇಳುತ್ತದೆ.

ಚರಿತ್ರೆ ಮುಗಿಯಿತು. ಬ್ಯಾಂಡಿನ ಹದಿನಾಲ್ಕು ಅಣ್ಣತಮ್ಮಂದಿರನ್ನು ಬಿಟ್ಟಿಲ್ಲ. ಅಮರಪ್ಪ ಓದಿ ತಲೆ ಕೆರೆದುಕೊಂಡ. "ಮ್ಯಾಲಿನವರು ಕೇಳಿದ್ರ ಏನ ಹೇಳ್ಲಿ ಮಾಸ್ತರ?"

"ಎಣಿಕಿ ಖರೇ ಅದ ಅಂತ ಹೇಳು. ನಮ್ಮ ಊರಾಗ ಹಂಗೇ ಎಣಸೂದು."

ಅವನು ನನ್ನನ್ನು ಒಂದು ನಮೂನೆ ನೋಡಿದ. ಯಾಕೋ ಗೊತ್ತಿಲ್ಲ.

ಫೆಬ್ರುವರಿ ೩. ಸೋಮವಾರ. ಯಾದಗಿರಿ, ಕಾಲೇಜಿನ ಸ್ಟಾಫ್ ರೂಮು

ಹಾಜರಾದೆ. ಮೂರು ತರಗತಿ ಮುಗಿದವು. ಹುಡುಗರು ಒಳ್ಳೆಯವರು, ನನ್ನ ಮೂರು ಜೋಕಿನಲ್ಲಿ ಎರಡಕ್ಕೆ ನಕ್ಕರು.

ಬೆಳಿಗ್ಗೆಯದನ್ನು ಬರೆದಿಡಬೇಕು. ಆರೂಕಾಲಿನ ಬಸ್ಸು. ಬೇಡವೆಂದರೂ ಅತ್ತೆ ನಿಲ್ದಾಣದವರೆಗೆ ಬಂದರು. ಬಸ್ಸು ನಿಂತಾಗ ನನಗಿಂತ ಮೊದಲೇ ಮೆಟ್ಟಿಲು ಹತ್ತಿ, ಕಂಡಕ್ಟರನನ್ನು ಕರೆದರು.

"ಏ ತಮ್ಮಾ, ಇವರ ಮಾರಿ ನೋಡಿ ಇಟ್ಕೊ. ದಿನಾ ಬರತಾರ. ಸಂಜಿಗಿ ಯಾದಗಿರ್ಯಾಗ ಇವರು ಹತ್ತಿದ ಮ್ಯಾಲೇ ಬಸ್ ಬಿಡಬೇಕು."

"ಆಯೀ, ಇದು ಸರಕಾರಿ ಬಸ್ಸದ. ನಿಮ್ಮ ಮನಿ ಗಾಡಿ ಅಲ್ಲ."

"ಸರಕಾರಕ್ಕ ನಾ ಹೇಳ್ತೀನಿ. ನೀ ಡ್ರೈವರಗ ಹೇಳು."

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರನೂ ನಕ್ಕು, "ಅಷ್ಟ ಕಾಳಜಿ ಮಾಡ್ತೀರಿ, ಏನಾಗಬೇಕ್ರಿ ಇವರು ನಿಮಗ?" ಎಂದು ಕೇಳಿದ.

ಅವನಷ್ಟೇ ಕುತೂಹಲದಿಂದ ನಾನೂ ಅತ್ತೆಯ ಮುಖ ನೋಡಿದೆ.

"ನೀ ಮೊದಲ ಟಿಕೀಟ ಹರಿ" ಅಂದು ಅವರು ಕೆಳಗಿಳಿದರು.

ವಾಪಸು ಬಸ್ಸು ಐದೂ ನಲವತ್ತಕ್ಕೆ. ಈಗ ನಾಲ್ಕೂಕಾಲು. ಇಲ್ಲಿಂದ ನಿಲ್ದಾಣಕ್ಕೆ ಹತ್ತು ನಿಮಿಷದ ದಾರಿ. ಹೊರಡುತ್ತೇನೆ.